ಎಲ್ಲಿ ಸಿಕ್ಕರು, ಯಾರ ದುಡ್ಡು, ಯಾರು ನೋಡಿದರು?

ಹದಿಹರೆಯದ ಪ್ರೀತಿಯ ಕತೆ ಬರೆಯುವವರು, ಓದುವವರು ಏನು ಬೇಕಾದರೂ ಕೇಳಿ ಅಂತ ಹೋದ ಸಂಚಿಕೆಯಲ್ಲಿ ಬರೆದಿದ್ದೆ. ತುಂಬಾ ಪತ್ರ ಬಂದಿವೆ. ಅರ್ಧ ಪತ್ರಗಳು ಕತೆಯ ಬಗ್ಗೆ, ಇನ್ನರ್ಧ ಕತೆಯ ನೆಪದಲ್ಲಿ ತಮ್ಮ ಬಗ್ಗೆ. ಎರಡಕ್ಕೂ ಉತ್ತರ ಕೊಟ್ಟಿದ್ದೇನೆ. ಯಾರ ಹೆಸರೂ ಹಾಕಿಲ್ಲ, ಊರಷ್ಟೇ ಇದೆ. ನಾನು 22 ವರ್ಷ ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿದವಳು, ಹಾಗಾಗಿ ನನ್ನ ಉದಾಹರಣೆಗಳೆಲ್ಲ ಕೊನೇ ಬೆಂಚಿನಿಂದಲೇ ಬರುತ್ತವೆ. ಸಹಿಸಿಕೊಳ್ಳಿ.

ಮೇಡಂ, ಪಿಯುಸಿ ಹುಡುಗ ಹುಡುಗಿಯ ಲವ್ ಸ್ಟೋರಿ ಬರೆದಿದ್ದೀನಿ, ನಲವತ್ತು ಪುಟ. ಫ್ರೆಂಡ್ಸ್ ಓದಿ ‘ಚೆನ್ನಾಗಿದೆ, ಆದ್ರೆ ಸಿನಿಮಾ ತರ ಇದೆ’ ಅಂದ್ರು. ನಿಜ ಅನ್ನಿಸೋ ಹಾಗೆ ಬರೆಯೋದು ಹೇಗೆ? — ಬಿಎ ವಿದ್ಯಾರ್ಥಿನಿ, ಹಾವೇರಿ

ಕತೆ ಓದಿದೆ. ಹುಡುಗಿ ಜೀವಂತವಾಗಿದ್ದಾಳೆ, ಅವಳ ಸಿಟ್ಟು ನನಗೆ ಇಷ್ಟವಾಯಿತು. ಎಡವಿದ್ದು ನಾಲ್ಕನೇ ಪುಟದಲ್ಲಿ. ಅಲ್ಲಿ ಇಬ್ಬರೂ ಪಾರ್ಕಿನ ಬೆಂಚಿನ ಮೇಲೆ, ಗುಲ್‌ಮೊಹರ್ ಮರದ ಕೆಳಗೆ, ಎರಡು ಗಂಟೆ ಕೂತು ಮಾತಾಡುತ್ತಾರೆ. ಯಾವ ಊರಿನ ಯಾವ ಪಾರ್ಕಮ್ಮಾ ಇದು? ನಮ್ಮ ಕಡೆ ಊರುಗಳಲ್ಲಿ ಹದಿನೇಳು ವರ್ಷದ ಹುಡುಗ ಹುಡುಗಿ ಯಾರ ಕಣ್ಣಿಗೂ ಬೀಳದೆ ಎರಡು ಗಂಟೆ ಕೂರುವ ಜಾಗ ಎಲ್ಲಿದೆ? ಬಸ್‌ಸ್ಟ್ಯಾಂಡಿನಲ್ಲಿ ಅಪ್ಪನ ಸ್ನೇಹಿತರ ಬೀಡಾ ಅಂಗಡಿ. ದೇವಸ್ಥಾನದಲ್ಲಿ ಸೋದರತ್ತೆ. ಲೈಬ್ರರಿಯಲ್ಲಿ ಪೇಪರ್ ಹಿಡಿದ ರಿಟೈರ್ಡ್ ಮೇಷ್ಟ್ರುಗಳು, ಅವರು ಪೇಪರ್ ಬಿಟ್ಟು ಬೇರೆಲ್ಲ ನೋಡುತ್ತಾರೆ. ಜ್ಯೂಸ್ ಸೆಂಟರಿನಲ್ಲಿ ಇಪ್ಪತ್ತು ನಿಮಿಷ ಆದ ಮೇಲೆ ಕೆಲಸದ ಹುಡುಗ ಬಂದು, ಒರೆಸಿದ ಟೇಬಲ್ಲನ್ನೇ ಮತ್ತೆ ಒರೆಸುತ್ತಾನೆ, ಎದ್ದು ಹೋಗಿ ಅಂತ ಅರ್ಥ. ಹಾಗಾಗಿ ನಮ್ಮ ಹುಡುಗರ ಪ್ರೀತಿ ಜಾಸ್ತಿ ನಡೆಯೋದು ಓಡಾಡಿಕೊಂಡೇ. ಬಸ್ಸಿನಲ್ಲಿ, ಟ್ಯೂಷನ್ ಮೆಟ್ಟಿಲ ಮೇಲೆ, ಝೆರಾಕ್ಸ್ ಅಂಗಡಿಯ ಕ್ಯೂನಲ್ಲಿ, ಗಣೇಶನ ಆರ್ಕೆಸ್ಟ್ರಾದ ಹಿಂದಿನ ಕತ್ತಲಲ್ಲಿ.

ಯಾವುದೇ ದೃಶ್ಯ ಬರೆಯುವ ಮುಂಚೆ ನಾನು ಕೇಳಿಕೊಳ್ಳುವ ಪ್ರಶ್ನೆ ಮೂರೇ: ಎಲ್ಲಿ ಸಿಕ್ಕರು, ಯಾರ ದುಡ್ಡು, ಯಾರು ನೋಡಿದರು. ಹದಿನೇಳರ ಪ್ರೀತಿಗೆ ಸ್ವಂತ ಜಾಗ ಇಲ್ಲ, ಸ್ವಂತ ದುಡ್ಡೂ ಇಲ್ಲ. ನೋಡುವ ಕಣ್ಣು ಮಾತ್ರ ಊರ ತುಂಬಾ. ಕತೆ ಹುಟ್ಟೋದು ಈ ಇಕ್ಕಟ್ಟಿನಲ್ಲೇ.

ನಿಮ್ಮ ಊರಿನದ್ದೇ ತಗೊಳ್ಳಿ. ಹುಡುಗಿ ‘ಸ್ಪೆಷಲ್ ಕ್ಲಾಸ್ ಇದೆ’ ಅಂತ ಹೇಳಿ ಅವನ ಜೊತೆ ರಾಣೆಬೆನ್ನೂರಿಗೆ ಹೋಗಿ ಬರುತ್ತಾಳೆ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ, ಆಧಾರ್ ತೋರಿಸಿದರೆ ಕಂಡಕ್ಟರ್ ಮೆಷಿನ್ನಿಂದ ಸೊನ್ನೆ ರೂಪಾಯಿ ಚೀಟಿ ಹರಿದು ಕೊಡುತ್ತಾರೆ. ಹುಡುಗನಿಗೆ ಮಾತ್ರ ದುಡ್ಡು ಬೇಕು. ಅವನ ಹತ್ತಿರ ಸ್ಟೂಡೆಂಟ್ ಪಾಸ್ ಇದೆ, ಆದರೆ ಅದು ಮನೆಯಿಂದ ಕಾಲೇಜಿನ ದಾರಿಗೆ ಮಾತ್ರ. ಅದಕ್ಕೇ ಹಿಂದಿನ ಭಾನುವಾರ ಮದುವೆ ಮನೆಯಲ್ಲಿ ಕೇಟರಿಂಗ್‌ನವರ ಜೊತೆ ಬಡಿಸೋಕೆ ಹೋಗಿದ್ದಾನೆ, ಬಿಸಿ ಸಾಂಬಾರು ಚೆಲ್ಲಿ ಮುಂಗೈ ಸುಟ್ಟುಕೊಂಡಿದ್ದಾನೆ. ಹುಡುಗಿ ಮೊದಲ ಸಲ ಅವನ ಕೈ ಮುಟ್ಟೋದು ಆ ಗುಳ್ಳೆ ನೋಡೋಕೆ ಅಂತ ಬರೆಯಿರಿ. ಗುಲ್‌ಮೊಹರ್ ತಾನಾಗಿಯೇ ಉದುರಿಹೋಗುತ್ತದೆ.

ಈಗ ಆ ಚೀಟಿ. ಅದು ಪುಕ್ಕಟೆ, ಹಾಗಾಗಿ ಹುಡುಗಿಗೆ ಅದು ಟಿಕೆಟ್ ಅಂತಲೇ ಅನ್ನಿಸಿಲ್ಲ, ಬಿಸಾಡೋದು ಮರೆತಿದ್ದಾಳೆ. ಸಂಜೆ ಅಮ್ಮ ಯೂನಿಫಾರ್ಮ್ ನೆನೆಸೋ ಮುಂಚೆ ಜೇಬು ತಡವುತ್ತಾಳೆ. ಎಲ್ಲಿಂದ, ಎಲ್ಲಿಗೆ, ಯಾವ ತಾರೀಖು, ಎಷ್ಟು ಗಂಟೆ, ಎಲ್ಲಾ ಅದರಲ್ಲಿ ಅಚ್ಚಾಗಿದೆ. ಅಮ್ಮ ಓದಿರೋದು ಏಳನೇ ಕ್ಲಾಸು. ಬಾಗಿಲ ಬೆಳಕಿಗೆ ಹಿಡಿದು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾಳೆ. ಬೈಯೋದಿಲ್ಲ. ಮಡಚಿ ಉಪ್ಪಿನ ಡಬ್ಬಿಯ ಕೆಳಗೆ ಇಟ್ಟು, ‘ಇವತ್ತು ಕ್ಲಾಸ್ ಎಷ್ಟೊತ್ತು ನಡೀತು?’ ಅಂತ ಕೇಳುತ್ತಾಳೆ. ನಲವತ್ತು ಪುಟದ ಅರ್ಧ ಇಲ್ಲೇ ಇದೆ. ಆ ಅಮ್ಮನನ್ನು ನಾನು ಹಾವೇರಿಯ ಮಾತಿನಲ್ಲಿ ಮಾತಾಡಿಸಲಿಲ್ಲ, ಆ ಕೆಲಸ ನಿಮ್ಮದು.

ನನ್ನ ಕತೆಯಲ್ಲಿ ಹುಡುಗ ‘ನಾನು ನಿನ್ನನ್ನು ಪ್ರೀತಿಸುತ್ತೇನೆ’ ಅಂತಾನೆ. ತಂಗಿ ಓದಿ ಬಿದ್ದು ಬಿದ್ದು ನಕ್ಕಳು. ಹಾಗಾದರೆ ಏನು ಬರೀಬೇಕು? ಮೆಸೇಜುಗಳನ್ನು ಅವರು ಟೈಪ್ ಮಾಡೋ ಹಾಗೆ ಇಂಗ್ಲಿಷ್ ಅಕ್ಷರದಲ್ಲೇ ಹಾಕಬೇಕಾ? — ಬೈಲಹೊಂಗಲ

ತಂಗಿಗೆ ನನ್ನ ಕಡೆಯಿಂದ ಶಹಬ್ಬಾಸ್ ಹೇಳಿ. ಆ ವಾಕ್ಯವನ್ನು ಕನ್ನಡದಲ್ಲಿ ಯಾರೂ ಯಾರಿಗೂ ಹೇಳಿದ್ದು ನಾನು ಕೇಳಿಲ್ಲ, ಡಬ್ಬಿಂಗ್ ಸೀರಿಯಲ್ ಬಿಟ್ಟು. ನಮ್ಮಲ್ಲಿ ಪ್ರೀತಿ ಶುರುವಾಗೋದು ‘ಊಟ ಆತೇನ?’ ಅನ್ನೋದರಿಂದ. ಮಧ್ಯಾಹ್ನ ಒಂದೂವರೆಗೆ ಬಂದರೆ ಸ್ನೇಹ, ರಾತ್ರಿ ಹನ್ನೊಂದಕ್ಕೆ ಬಂದರೆ ಬೇರೇನೋ. ನಿಮ್ಮ ಕಡೆ ಫೋನ್ ಮಾತು ಹೆಂಗೆ ಮುಗಿಯುತ್ತೆ ಅಂತ ನಿಮಗೆ ಗೊತ್ತೇ ಇದೆಯಲ್ಲ:

‘ಮತ್ತ?’
‘ಮತ್ತೇನಿಲ್ಲ.’
‘ಇಡ್ಲೇನ?’
‘ಇಡು.’
‘ನೀನ ಇಡು.’

ಇದರಲ್ಲಿ ಪ್ರೀತಿ ಅನ್ನೋ ಪದವೇ ಇಲ್ಲ, ಆದರೂ ಪಕ್ಕದಲ್ಲಿ ಮಲಗಿರೋ ಅಕ್ಕನಿಗೆ ಎಲ್ಲಾ ಗೊತ್ತಾಗುತ್ತೆ.

ಹುಡುಗರು ತಮ್ಮೊಳಗೆ ಮಾತಾಡುವಾಗ ‘ಪ್ರಪೋಸ್ ಮಾಡ್ದ’, ‘ಸೆಟ್ ಆಯ್ತು’, ‘ಬ್ಲಾಕ್ ಮಾಡಿದ್ಲು’ ಅಂತಾರೆ. ಧೈರ್ಯವಾಗಿ ಬಳಸಿ. ‘ಕ್ರಶ್’ಗೆ ಕನ್ನಡ ಹುಡುಕೋಕೆ ಹೋಗಬೇಡಿ. ಇಂಗ್ಲಿಷ್ ಅಕ್ಷರದ ಮೆಸೇಜುಗಳನ್ನು ನಾನು ಕನ್ನಡ ಲಿಪಿಯಲ್ಲೇ ಬರೆಯುತ್ತೇನೆ, ಆದರೆ ಸ್ವರ ನುಂಗಿದ ಹಾಗೇ ಬಿಡುತ್ತೇನೆ: ‘ಯಕ್ ರಿಪ್ಲೈ ಮಡ್ಲಿಲ್ಲ’. ಒಂದೆರಡು ಕಡೆ ಸಾಕು, ಪುಟ ತುಂಬಾ ಹೀಗೇ ಇದ್ದರೆ ಓದುಗ ಪುಸ್ತಕ ಮುಚ್ಚಿಡುತ್ತಾನೆ. ಟೈಪ್ ಮಾಡಿದ್ದಕ್ಕಿಂತ ಅಳಿಸಿದ್ದು ಮುಖ್ಯ ಅನ್ನೋದೂ ನೆನಪಿರಲಿ. ರಾತ್ರಿ ಬಂದ ಐದು ಮೆಸೇಜು ಬೆಳಗ್ಗೆ ನೋಡುವಾಗ ಐದು ‘ಅಳಿಸಲಾಗಿದೆ’ಗಳಾಗಿ ಸಾಲಾಗಿ ಕೂತಿರುತ್ತವೆ. ಆ ಹುಡುಗಿ ಇಡೀ ದಿನ ಅದನ್ನೇ ಓದುತ್ತಾಳೆ. ಮತ್ತೆ ಆ ಫೋನು ಯಾರದ್ದು? ಬಹಳ ಮನೆಗಳಲ್ಲಿ ಅಮ್ಮನದ್ದು. ನನ್ನ ಕ್ಲಾಸಿನ ಒಬ್ಬಳು ಹುಡುಗನ ನಂಬರನ್ನು ‘ಕೆಮಿಸ್ಟ್ರಿ ನೋಟ್ಸ್’ ಅಂತ ಸೇವ್ ಮಾಡಿದ್ದಳು. ಅವಳು ಆರ್ಟ್ಸ್ ವಿದ್ಯಾರ್ಥಿನಿ. ಸಿಕ್ಕಿಬಿದ್ದಿದ್ದು ಹಾಗೆ.

ನನ್ನ ಕಾದಂಬರಿಯಲ್ಲಿ 17ರ ಹುಡುಗಿ, 19ರ ಹುಡುಗ ಓಡಿಹೋಗಿ ದೇವಸ್ಥಾನದಲ್ಲಿ ಮದುವೆಯಾಗುತ್ತಾರೆ. ಪೊಲೀಸರು ಹಿಡಿದರೂ ಹುಡುಗಿ ‘ನಾನೇ ಇಷ್ಟಪಟ್ಟು ಬಂದೆ’ ಅಂದಾಗ ಬಿಟ್ಟು ಕಳಿಸುತ್ತಾರೆ. ಲಾಯರ್ ಸ್ನೇಹಿತ ಓದಿ ‘ಇದು ಯಾವ ದೇಶದ ಕತೆ?’ ಅಂದ. ಏನು ತಪ್ಪಾಗಿದೆ? — ತಿಪಟೂರು

ಲಾಯರ್ ಸ್ನೇಹಿತರು ಹೇಳಿದ್ದು ಸರಿ. ಈ ತಪ್ಪು ನಿಮ್ಮೊಬ್ಬರದ್ದಲ್ಲ, ನನಗೆ ಬರುವ ಹತ್ತು ಹಸ್ತಪ್ರತಿಯಲ್ಲಿ ಆರೇಳು ಇಲ್ಲೇ ಬೀಳುತ್ತವೆ.

ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯೋ ಪೋಕ್ಸೊ ಕಾಯ್ದೆ 2012ರದ್ದು. ಅದರ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ‘ಇಷ್ಟಪಟ್ಟು ಬಂದೆ’ ಅನ್ನೋ ಮಾತಿಗೆ ಕಾನೂನಿನಲ್ಲಿ ತೂಕ ಇಲ್ಲ. ದೇವಸ್ಥಾನದ ತಾಳಿಯೂ ಕೆಲಸಕ್ಕೆ ಬರೋದಿಲ್ಲ, ಯಾಕೆಂದರೆ ಬಾಲ್ಯವಿವಾಹ ಕಾಯ್ದೆಗೆ ಕರ್ನಾಟಕ 2016ರಲ್ಲಿ ತಿದ್ದುಪಡಿ ತಂದು, ಅಂಥ ಮದುವೆ ಮೊದಲಿನಿಂದಲೇ ಅಸಿಂಧು ಅಂದುಬಿಟ್ಟಿದೆ. ಅದೂ ಅಲ್ಲದೆ ಮದುವೆಗೆ ಹುಡುಗನಿಗೆ 21 ಆಗಬೇಕು, ನಿಮ್ಮ ಹುಡುಗನಿಗೆ 19.

ಹಾಗಾದರೆ ನಿಜವಾಗಿ ಏನಾಗುತ್ತೆ? ಅಪ್ಪ ‘ಮಗಳು ಕಾಣಿಸ್ತಿಲ್ಲ’ ಅಂತ ದೂರು ಕೊಡುತ್ತಾನೆ. ಅಪ್ರಾಪ್ತೆ ಆದ್ದರಿಂದ ಅಪಹರಣದ ಎಫ್‌ಐಆರ್ ಆಗುತ್ತೆ. ಇಬ್ಬರೂ ಸಿಕ್ಕ ದಿನವೇ ಅವರ ದಾರಿ ಬೇರೆಬೇರೆ. ಹುಡುಗ ಜೈಲಿಗೆ. ಇಬ್ಬರ ನಡುವೆ ದೈಹಿಕ ಸಂಬಂಧ ಇತ್ತು ಅಂತಾದರೆ, 2019ರ ತಿದ್ದುಪಡಿಯ ಮೇಲೆ ಕನಿಷ್ಠ ಶಿಕ್ಷೆಯೇ 10 ವರ್ಷ. ಹುಡುಗಿ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ. ಮನೆಗೆ ಹೋಗೋಲ್ಲ ಅಂದರೆ ಬಾಲಮಂದಿರಕ್ಕೆ. ಅವಳ ಹೇಳಿಕೆ ತಗೊಳ್ಳೋ ಪೊಲೀಸರು ಯೂನಿಫಾರ್ಮ್ ಹಾಕಿರಬಾರದು, ಆದಷ್ಟೂ ಮಹಿಳಾ ಎಸ್‌ಐ ಆಗಿರಬೇಕು. ಆಮೇಲೆ ಮ್ಯಾಜಿಸ್ಟ್ರೇಟ್ ಮುಂದೆ ಇನ್ನೊಂದು ಹೇಳಿಕೆ. ಕೋರ್ಟಿನಲ್ಲಿ ಈಗಲೂ ಹಳೇ ರೂಢಿಯಲ್ಲಿ ‘164 ಹೇಳಿಕೆ’ ಅನ್ನೋರಿದ್ದಾರೆ, 2024ರ ಜುಲೈಯಿಂದ ಅದು ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 183ನೇ ಸೆಕ್ಷನ್. ನಿಮ್ಮ ಲಾಯರ್ ಪಾತ್ರ ಇಲ್ಲಿ ಒಂದು ಸಲ ತಪ್ಪಾಗಿ 164 ಅಂದು ನಾಲಿಗೆ ಕಚ್ಚಿಕೊಂಡರೆ ಚೆನ್ನಾಗಿರುತ್ತೆ.

ವಯಸ್ಸು ತೀರ್ಮಾನ ಆಗೋದು ಹುಡುಗಿಯ ಮಾತಿನ ಮೇಲಲ್ಲ, ಶಾಲೆಯ ದಾಖಲೆ, ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನ ಮೇಲೆ. (ನಮ್ಮ ತಲೆಮಾರಿನಲ್ಲಿ ಮೇಷ್ಟ್ರು ಎಲ್ಲರಿಗೂ ಜೂನ್ 1 ಅಂತ ಬರೆದುಬಿಡೋರು. ನನ್ನ ಇಬ್ಬರು ಅಣ್ಣಂದಿರ ಹುಟ್ಟಿದಹಬ್ಬವೂ ದಾಖಲೆಯಲ್ಲಿ ಅದೇ ದಿನ.) ಹದಿನೆಂಟಕ್ಕೆ ಹನ್ನೊಂದು ದಿನ ಬಾಕಿ ಇರುವಾಗ ಓಡಿಹೋದ ಹುಡುಗಿ ಅಂತ ಬರೆದು ನೋಡಿ. ಹನ್ನೊಂದು ದಿನಕ್ಕೆ ಒಬ್ಬನ ಹತ್ತು ವರ್ಷ. ಆಗ ನಿಮ್ಮ ಕಾದಂಬರಿಗೆ ಬೇರೆ ವಿಲನ್ ಬೇಕಾಗೋದಿಲ್ಲ.

ಇದನ್ನು ಹೇಳುವಾಗ ಕಾನೂನನ್ನೇ ರಾಕ್ಷಸ ಮಾಡಬೇಡಿ. ಹದಿನಾಲ್ಕರ ಹುಡುಗಿಯನ್ನು ಮೂವತ್ತರವನು ‘ಪ್ರೀತಿ’ ಅಂತ ಕರಕೊಂಡು ಹೋಗುವಾಗ ಅಡ್ಡ ನಿಲ್ಲೋದೂ ಇದೇ ಕಾನೂನು. ಒಪ್ಪಿಗೆಯ ವಯಸ್ಸನ್ನು 18ರಿಂದ ಇಳಿಸಬೇಕಾ ಅಂತ ಕೋರ್ಟುಗಳಲ್ಲೂ ಚರ್ಚೆ ಆಗಿದೆ. 2023ರಲ್ಲಿ ಕಾನೂನು ಆಯೋಗ ಇಳಿಸೋದು ಬೇಡ, ಆದರೆ 16ರಿಂದ 18ರ ಒಳಗಿನವರ ಒಪ್ಪಿಗೆ ಇದ್ದ ಪ್ರಕರಣಗಳಲ್ಲಿ ಶಿಕ್ಷೆ ಕೊಡುವಾಗ ನ್ಯಾಯಾಧೀಶರಿಗೆ ವಿವೇಚನೆ ಇರಲಿ ಅಂದಿತು. ನಿಮ್ಮ ಕತೆಯ ಇಬ್ಬರಿಗೂ ಈ ವಿಷಯ ಏನೂ ಗೊತ್ತಿರೋದಿಲ್ಲ. ಗೊತ್ತಾಗೋದು ಸ್ಟೇಷನ್ನಿನಲ್ಲಿ.

ನೀವು ಕೇಳದೇ ಇರೋ ಒಂದು ಮಾತು: ಅಪ್ರಾಪ್ತರ ನಡುವಿನ ಖಾಸಗಿ ಕ್ಷಣಗಳನ್ನು ಬಿಡಿಸಿ ಬರೆಯಬೇಡಿ. ಮಕ್ಕಳ ಅಶ್ಲೀಲ ಚಿತ್ರಣವನ್ನು ಅಪರಾಧ ಅನ್ನೋ ಐಟಿ ಕಾಯ್ದೆಯ 67ಬಿ ಸೆಕ್ಷನ್, ಚಿತ್ರದ ಜೊತೆ ಬರಹವನ್ನೂ ಹೆಸರಿಸುತ್ತದೆ. ಅದು ಪಕ್ಕಕ್ಕಿರಲಿ, ಕತೆಗೆ ಅದು ಬೇಕೂ ಇಲ್ಲ. ಬಾಗಿಲು ಹಾಕಿ, ಹೊರಗೆ ಬಿಟ್ಟ ಎರಡು ಜೊತೆ ಚಪ್ಪಲಿ ತೋರಿಸಿ. ನೋಡೋರು ಅದನ್ನೇ ನೋಡೋದು.

9ನೇ ಕ್ಲಾಸಿನ ಮಗಳ ಹಾಸಿಗೆ ಕೆಳಗೆ ಲವ್ ಕಾದಂಬರಿ ಸಿಕ್ಕಿತು. ಕಿತ್ತುಕೊಳ್ಳಲಾ, ಸುಮ್ಮನಿರಲಾ? — ಒಬ್ಬ ತಾಯಿ, ಶಿವಮೊಗ್ಗ

ಓದಿ. ಅವಳು ಶಾಲೆಗೆ ಹೋದಾಗ ಓದಿ, ಎಲ್ಲಿತ್ತೋ ಅಲ್ಲೇ ಇಡಿ, ಬುಕ್‌ಮಾರ್ಕ್ ಬೀಳಿಸಬೇಡಿ. ಆಮೇಲೆ ಒಂದು ವಾರ ಬಿಟ್ಟು, ಚಪಾತಿ ಲಟ್ಟಿಸುವಾಗಲೋ ಮತ್ತೊಂದು ಕೆಲಸದಲ್ಲೋ, ‘ಆ ಹುಡುಗ ಅವಳಿಗೆ ಸುಳ್ಳು ಹೇಳಬಾರದಿತ್ತು ಅಲ್ವಾ?’ ಅಂದುಬಿಡಿ. ಮೊದಲು ಅವಳ ಮುಖ ಬಿಳುಚಿಕೊಳ್ಳುತ್ತೆ. ಆಮೇಲೆ ಮಾತಾಡುತ್ತಾಳೆ.

ಪುಸ್ತಕ ನಿಜಕ್ಕೂ ಕೆಟ್ಟದಾಗಿದ್ದರೆ, ಅಂದರೆ ಬೇಡ ಅಂದರೂ ಬೆನ್ನು ಹತ್ತಿ ಕೈ ಎಳೆಯೋನೇ ಹೀರೋ ಅನ್ನೋ ತರ ಇದ್ದರೆ, ಅದನ್ನೂ ಹೇಳಿ. ಕಿತ್ತುಕೊಂಡರೆ ಮುಂದಿನದ್ದು ಫೋನಿನಲ್ಲಿ ಓದುತ್ತಾಳೆ, ಅದು ಹಾಸಿಗೆ ಕೆಳಗೆ ಸಿಗೋದಿಲ್ಲ.

ಇಂಥ ಕತೆಗಳಿಂದ ಮಕ್ಕಳು ದಾರಿ ತಪ್ಪುವುದಿಲ್ಲವೇ? ನಮ್ಮ ಕಾಲದಲ್ಲಿ ಇವೆಲ್ಲ ಇರಲಿಲ್ಲ. — ನಿವೃತ್ತ ಶಿಕ್ಷಕರು, ಮೈಸೂರು

ಸರ್, ನಿಮ್ಮಂಥ ಮೇಷ್ಟ್ರೇ ನಮಗೆ, ಆಶ್ರಮದಲ್ಲಿ ತಂದೆ ಇಲ್ಲದ ಹೊತ್ತಿನಲ್ಲಿ ರಾಜನನ್ನು ಗುಟ್ಟಾಗಿ ಮದುವೆಯಾಗಿ, ಗರ್ಭಿಣಿಯಾಗಿ, ಉಂಗುರ ಕಳಕೊಂಡ ಹುಡುಗಿಯ ಕತೆಯನ್ನು ಅಷ್ಟು ಚೆನ್ನಾಗಿ ಪಾಠ ಮಾಡಿದ್ದು. ಪರೀಕ್ಷೆಗೂ ಬಂದಿತ್ತು. ಅವಳ ವಯಸ್ಸೆಷ್ಟು ಅಂತ ಯಾರೂ ಕೇಳಲಿಲ್ಲ.

ಕತೆಯಲ್ಲಿ ಇಬ್ಬರೂ ಬೇರೆ ಬೇರೆ ಜಾತಿ. ಒಬ್ಬರು ‘ಜಾತಿ ಹೆಸರು ತೆಗೆದುಹಾಕು, ಬಡವ ಶ್ರೀಮಂತ ಅಂತ ಮಾಡು’ ಅಂದರು. ತೆಗೆಯಲಾ? — ಕೊಳ್ಳೇಗಾಲ

ತೆಗೆಯಬೇಡಿ. ಬಡವ ಶ್ರೀಮಂತ ಅಂತ ಮಾಡಿದರೆ ಕತೆ ಐವತ್ತು ವರ್ಷ ಹಿಂದಿನ ಸಿನಿಮಾ ಆಗುತ್ತೆ. ಹುಡುಗನಿಗೆ ಕೆಲಸ ಸಿಕ್ಕರೆ ಬಡತನ ಮುಗಿಯುತ್ತೆ, ಕ್ಲೈಮ್ಯಾಕ್ಸ್ ರೆಡಿ. ನೀವು ಬರೆಯೋಕೆ ಹೊರಟಿದ್ದು ಕೆಲಸ ಸಿಕ್ಕರೂ ಮುಗಿಯದೇ ಇರೋದನ್ನ.

ಆದರೆ ನಿಮ್ಮ ಎರಡನೇ ಅಧ್ಯಾಯದಲ್ಲಿ ಹುಡುಗಿಯ ಅಪ್ಪ ಜಾತಿ ಹೆಸರು ಹಿಡಿದು ಒಂದು ಪುಟ ಭಾಷಣ ಮಾಡುತ್ತಾನೆ. ಅಷ್ಟು ಬಾಯಿ ಬಿಟ್ಟು ಮಾತಾಡೋರು ಕಮ್ಮಿ. ನಮ್ಮಲ್ಲಿ ಕೇಳೋ ರೀತಿಯೇ ಬೇರೆ. ‘ಯಾವ ಕಡೆಯವರಪ್ಪ ನೀವು?’ ಊರು ಹೇಳಿದರೆ ‘ಊರಲ್ಲಿ ಯಾವ ಬೀದಿ?’ ಆಮೇಲೆ ‘ಮನೆದೇವರು ಯಾವುದು?’ ಇಷ್ಟರಲ್ಲಿ ಗೊತ್ತಾಗಿಬಿಡುತ್ತೆ. ಉತ್ತರ ಕರ್ನಾಟಕದಲ್ಲಾದರೆ ‘ಅಡ್ಡಹೆಸರು ಏನ್ರಿ?’ ಒಂದೇ ಸಾಕು. ಕಾಲೇಜಿನಲ್ಲಿ ಇನ್ನೂ ಸುಲಭ. ಹುಡುಗ ಹಿಂದುಳಿದ ವರ್ಗದವರ ಬಿಸಿಎಂ ಹಾಸ್ಟೆಲ್ಲಾ, ಪರಿಶಿಷ್ಟರಿಗೆ ಇರೋ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ಲಾ ಅನ್ನೋದು ಗೊತ್ತಾದರೆ ಮುಗೀತು.

ನಾನೇ ಕಂಡ ಒಂದು ಬೆಳಗ್ಗೆ ಹೇಳುತ್ತೇನೆ. ಕಾಲೇಜಿನ ಹೆಸರು ಬೇಡ. ಸ್ಕಾಲರ್‌ಶಿಪ್ ಅರ್ಜಿ ಬಂದಿದ್ದವು. ಗುಮಾಸ್ತರು ಕ್ಲಾಸಿಗೆ ಬಂದು ‘ಎಸ್‌ಸಿ, ಎಸ್‌ಟಿ ಹುಡುಗರು ಎದ್ದು ನಿಲ್ಲಿ’ ಅಂದರು. ಅವರಿಗೆ ಅದು ದಿನದ ಕೆಲಸ, ಕೆಟ್ಟ ಮನುಷ್ಯರೇನಲ್ಲ. ಏಳು ಜನ ಎದ್ದರು. ಮೂರನೇ ಬೆಂಚಿನ ಹುಡುಗ ಏಳಲಿಲ್ಲ. ಅವನಿಗಿಂತ ಎರಡು ಸಾಲು ಹಿಂದೆ, ಹುಡುಗಿಯರ ಕಡೆ, ಒಬ್ಬಳು ಪೆನ್ನಿನ ಮುಚ್ಚಳ ಹಾಕೋದು ತೆಗೆಯೋದು ಮಾಡುತ್ತಾ ಅವನ ಬೆನ್ನನ್ನೇ ನೋಡುತ್ತಿದ್ದಳು. ಆ ವರ್ಷ ಅವನು ಸ್ಕಾಲರ್‌ಶಿಪ್ ಅರ್ಜಿ ಹಾಕಲೇ ಇಲ್ಲ. ಯಾಕೆ ಅಂತ ಗೊತ್ತಿದ್ದೂ ನಾನು ಅವನನ್ನು ಕರೆದು ಮಾತಾಡಲಿಲ್ಲ. ಸ್ಟಾಫ್ ರೂಮಿಗೆ ಬಂದು ಟೀ ಕುಡಿದೆ. ಇಂಥದ್ದನ್ನು ಬರೆಯಿರಿ. ಅಪ್ಪನ ಭಾಷಣ ಅರ್ಧ ಸಾಲಿಗೆ ಇಳಿಸಿ. ಮನೆಗೆ ಬಂದ ಹುಡುಗನಿಗೆ ಕಾಫಿ ಯಾವ ಲೋಟದಲ್ಲಿ ಬಂತು, ಮಿಕ್ಕವರಿಗೆ ಯಾವುದರಲ್ಲಿ ಬಂತು, ಅಷ್ಟು ಹೇಳಿ ಮುಂದೆ ಹೋಗಿ.

ಮೇಡಂ, ಎಲ್ಲಾ ಕತೇಲೂ ಹುಡುಗಿ ಕಷ್ಟಾನೇ. ಹುಡುಗರಿಗೆ ನೋವಾಗಲ್ವಾ? ನನ್ನ ಹುಡುಗಿ ಎರಡು ಸಲ ‘ಬೇಡ’ ಅಂದಳು, ಆದ್ರೂ ನಾನು ದಿನಾ ಅವಳ ಬಸ್‌ಸ್ಟಾಪಿಗೆ ಹೋಗ್ತೀನಿ. ಇದನ್ನ ಕತೆ ಮಾಡಬಹುದಾ? — 18 ವರ್ಷ, ಸಿಂಧನೂರು

ನೋವಾಗುತ್ತಪ್ಪ, ಖಂಡಿತ ಆಗುತ್ತೆ. ಅದರ ಬಗ್ಗೆ ಬರೆದವರು ಕಮ್ಮಿ ಅನ್ನೋದೂ ನಿಜ. ಆದರೆ ಮೊದಲು ಬಸ್‌ಸ್ಟಾಪಿಗೆ ಹೋಗೋದು ನಿಲ್ಲಿಸು. ಬೇಡ ಅಂದ ಮೇಲೂ ದಿನಾ ಹಿಂದೆ ಹೋಗೋದಕ್ಕೆ ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಇದೆ. ಅವಳನ್ನು ‘ನನ್ನ ಹುಡುಗಿ’ ಅಂತ ಬರೆದಿದ್ದೀಯ. ಅವಳು ಹಾಗೆ ಹೇಳಿಲ್ಲ ಅಲ್ವಾ?

ಈಗ ಕತೆ. ಬಸ್‌ಸ್ಟಾಪನ್ನು ಅವಳ ಕಡೆಯಿಂದ ಒಂದು ಪುಟ ಬರೆದು ನೋಡು. ಬೆಳಗ್ಗೆ ಎದ್ದ ಕೂಡಲೇ ಅವಳಿಗೆ ಮೊದಲು ಏನು ನೆನಪಾಗುತ್ತೆ? ನಿನ್ನ ತಪ್ಪಿಸೋಕೆ ಎಷ್ಟು ಗಂಟೆಯ ಬಸ್ ಹಿಡೀತಾಳೆ? ಯಾರಿಗೂ ಯಾಕೆ ಹೇಳ್ತಿಲ್ಲ? ಹೇಳಿದರೆ ಅವಳ ಕಾಲೇಜು ಬಿಡಿಸ್ತಾರೆ, ನಿನ್ನದಲ್ಲ. ಅದು ಬರೆದಾದ ಮೇಲೆ, ಹೋಗದೇ ಇದ್ದ ಮೊದಲನೇ ದಿನ ನೀನು ಏನು ಮಾಡಿದೆ ಅಂತ ಬರಿ. ಆ ಪುಟ ನನಗೆ ಕಳಿಸು, ನಿಜವಾಗಿ ಓದುತ್ತೇನೆ.

ಕತೆಯ ಕೊನೆಗೆ ಇಬ್ಬರೂ ಒಟ್ಟಿಗೆ ಪ್ರಾಣ ಬಿಡುತ್ತಾರೆ. ಸ್ಪರ್ಧೆಯಲ್ಲಿ ಬಹುಮಾನ ಬರಲಿಲ್ಲ. ನಿಜ ಜೀವನದಲ್ಲೂ ಹೀಗೆ ಆಗುತ್ತಲ್ಲ? — ಮಂಡ್ಯ

ಆಗುತ್ತೆ. ಅದಕ್ಕೇ ಬೇಡ ಅಂತಿದ್ದೀನಿ. ನಿಮ್ಮ ಓದುಗರು ಹದಿನಾರು ಹದಿನೇಳರವರು, ಅದರಲ್ಲಿ ಯಾರೋ ಒಬ್ಬರು ಇವತ್ತೇ ಅಂಚಿನಲ್ಲಿ ನಿಂತಿರಬಹುದು. ಅವರ ಕೈಗೆ ನಿಮ್ಮ ಕೊನೇ ಪುಟ ಸಿಗುತ್ತೆ. ಅದರಲ್ಲಿ ಸಾವು ಎಷ್ಟು ಚಂದ ಇದೆ ನೋಡಿ: ಬೆಳದಿಂಗಳು, ಹಿಡಿದ ಕೈ. ಮರುದಿನ ಬೆಳಗ್ಗೆ ಗುರುತು ಹಿಡಿಯೋಕೆ ಅಣ್ಣನನ್ನು ಕರೆದದ್ದು ನಿಮ್ಮ ಕತೆಯಲ್ಲಿಲ್ಲ. (ಈ ಸಾಲು ಓದುತ್ತಿರುವ ಯಾರಿಗಾದರೂ ಹಾಗೆ ಅನ್ನಿಸುತ್ತಿದ್ದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ರಾತ್ರಿ ಹಗಲೂ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು.)

ಇನ್ನೊಂದು ಕಾರಣ ಕತೆಗಾರರದ್ದು. ಇಬ್ಬರನ್ನೂ ಸಾಯಿಸಿದರೆ ಮುಂದೆ ಏನು ಅಂತ ನೀವು ಯೋಚಿಸಬೇಕಾಗಿಲ್ಲ. ಕಷ್ಟ ಇರೋದು ಮುಂದಿನ ಮಂಗಳವಾರದಲ್ಲಿ. ಸಿಕ್ಕಿಬಿದ್ದು, ಹೊಡೆತ ತಿಂದು, ಫೋನ್ ಕಳಕೊಂಡ ಹುಡುಗಿ ಮಾರ್ಚಿನ ಪರೀಕ್ಷೆಯಲ್ಲಿ ಎರಡು ಸಬ್ಜೆಕ್ಟ್ ಬಿಟ್ಟಿದ್ದಾಳೆ ಅನ್ನಿ. 2024ರಿಂದ ನಮ್ಮ ಪರೀಕ್ಷಾ ಮಂಡಳಿ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಸುತ್ತಿದೆ. ಯಾವುದರಲ್ಲಿ ಜಾಸ್ತಿ ಬಂದಿದೆಯೋ ಅದೇ ಉಳಿಯುತ್ತೆ. ಅಂದರೆ ದಾರಿ ಇದೆ. ಆದರೆ ಅರ್ಜಿಗೆ ದುಡ್ಡು ಯಾರು ಕೊಡುತ್ತಾರೆ? ಪರೀಕ್ಷಾ ಕೇಂದ್ರಕ್ಕೆ ಒಬ್ಬಳನ್ನೇ ಬಿಡೋದಿಲ್ಲ, ಅಣ್ಣ ಬೈಕಿನಲ್ಲಿ ಕರಕೊಂಡು ಬಂದು ಮೂರು ಗಂಟೆ ಗೇಟಿನ ಹೊರಗೆ ಕೂರುತ್ತಾನೆ. ಅದೇ ಕೇಂದ್ರದಲ್ಲಿ ಆ ಹುಡುಗನೂ ಬರೀತಿದ್ದಾನೆ. ಇಬ್ಬರಿಗೂ ಗೊತ್ತು, ಅಣ್ಣನಿಗೂ ಗೊತ್ತು. ಬೆಲ್ ಹೊಡೆಯುತ್ತೆ. ಬರೆಯಿರಿ ನೋಡೋಣ.

ನನ್ನ ಫ್ರೆಂಡ್‌ಗೆ 16. ಅವಳು ಹುಡುಗನಿಗೆ ಕಳಿಸಿದ್ದ ಫೋಟೋ ಇಟ್ಕೊಂಡು ಅವನು ಈಗ ಹೆದರಿಸ್ತಿದ್ದಾನೆ. ಒಂದು ಕತೇಲಿ ಹುಡುಗಿ ಅವನಿಗೇ ಬುದ್ಧಿ ಕಲಿಸ್ತಾಳೆ. ಹಾಗೆ ಮಾಡಬಹುದಾ? — ಊರು ಬೇಡ

ಕತೆ ಪಕ್ಕಕ್ಕಿಡಮ್ಮ. ಅವನನ್ನು ಒಬ್ಬಳೇ ಭೇಟಿಯಾಗೋಕೆ ಹೋಗಬೇಡಿ ಅಂತ ಅವಳಿಗೆ ಇವತ್ತೇ ಹೇಳು. ದುಡ್ಡು ಕೊಡೋದೂ ಬೇಡ, ಇನ್ನೊಂದು ಫೋಟೋ ಕಳಿಸೋದೂ ಬೇಡ. ಕೊಟ್ಟಷ್ಟೂ ಕೇಳ್ತಾನೆ. ಅವನು ಹೆದರಿಸಿದ ಚಾಟ್ ಅಳಿಸಬೇಡಿ, ಅದೇ ಸಾಕ್ಷಿ. ಆ ಫೋಟೋ ಮಾತ್ರ ಯಾರಿಗೂ ಫಾರ್ವರ್ಡ್ ಮಾಡಬೇಡಿ, ಸಹಾಯಕ್ಕೆ ಅಂತಲೂ ಬೇಡ. 1098 ಮಕ್ಕಳ ಸಹಾಯವಾಣಿ, ಪುಕ್ಕಟೆ. ಕೇಂದ್ರ ಸರ್ಕಾರದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ಹೆಣ್ಣುಮಕ್ಕಳು ಮತ್ತು ಮಕ್ಕಳಿಗೆ ಅಂತಲೇ ವಿಭಾಗ ಇದೆ, ಹೆಸರು ಹೇಳದೆಯೂ ದೂರು ಕೊಡಬಹುದು. 18ರ ಒಳಗಿನವರ ಚಿತ್ರ ಹರಡದ ಹಾಗೆ ತಡೆಯೋಕೆ ‘ಟೇಕ್ ಇಟ್ ಡೌನ್’ ಅನ್ನೋ ಉಚಿತ ಸೇವೆಯೂ ಇದೆ. ಅಲ್ಲಿ ಫೋಟೋ ಕಳಿಸಬೇಕಾಗಿಲ್ಲ, ಅದರ ಗುರುತು ಸಂಖ್ಯೆಯನ್ನು ಫೋನೇ ಲೆಕ್ಕ ಹಾಕಿ ಕಳಿಸುತ್ತೆ.

ಫೋಟೋ ಕಳಿಸಿದ್ದಕ್ಕೆ ಅವಳನ್ನು ಬೈಯಬೇಡ. ಅವಳೇ ಸಾಕಷ್ಟು ಬೈದುಕೊಂಡಿರ್ತಾಳೆ. ಬೈಯದೇ ಕೇಳಿಸಿಕೊಳ್ಳೋ ಒಬ್ಬ ದೊಡ್ಡವರನ್ನು ಇಬ್ಬರೂ ಸೇರಿ ಹುಡುಕಿ. ಅಮ್ಮ ಆಗದಿದ್ದರೆ ಚಿಕ್ಕಮ್ಮ, ಟೀಚರ್. ಅವರು ದೂರು ಕೊಡಲೇಬೇಕಾಗುತ್ತೆ, ಪೋಕ್ಸೊದಲ್ಲಿ ಹಾಗೇ ಇದೆ, ಅದಕ್ಕೆ ಗಾಬರಿಯಾಗಬೇಡಿ. ‘ಫ್ರೆಂಡ್’ ನೀನೇ ಆಗಿದ್ದರೂ ಉತ್ತರ ಇದೇ.

ಕೊನೇ ಪ್ರಶ್ನೆ, ಬೇಜಾರಾದರೆ ಬಿಟ್ಟುಬಿಡಿ. ಹದಿನೇಳರಲ್ಲಿ ನೀವು ಲವ್ ಮಾಡಿದ್ರಾ? — ಕುಂದಾಪುರ

ಮಾಡಿದ್ದೆ ಮಾರಾಯ್ರೆ, ನಿಮ್ಮ ಭಾಷೆಯಲ್ಲೇ ಹೇಳೋದಾದರೆ. ಅವನ ಹತ್ತಿರ ಹಳೇ ಸೈಕಲ್ ಇತ್ತು. ಚೈನ್ ಕವರು ಸಡಿಲವಾಗಿ, ಒಂದೊಂದು ತುಳಿತಕ್ಕೂ ಟಕ್ ಅನ್ನೋದು. ಎಲ್ಲಿ ಸಿಕ್ಕೆವು ಅಂದರೆ, ಎಲ್ಲೂ ಸಿಗಲಿಲ್ಲ. ಸಂಜೆ ಆರಕ್ಕೆ ಅವನು ನಮ್ಮ ಬೀದಿಯಲ್ಲಿ ಒಂದು ಸಲ ಹೋಗಿ, ತಿರುಗಿ ಬರುತ್ತಿದ್ದ, ಅಷ್ಟೇ. ನಾನು ಆ ಹೊತ್ತಿಗೆ ಸರಿಯಾಗಿ ಬಾಗಿಲಿಗೆ ನೀರು ಹಾಕುತ್ತಿದ್ದೆ. ಬಿಂದಿಗೆ ನೀರಿನ ಖರ್ಚು ಬಿಟ್ಟರೆ ಬೇರೆ ದುಡ್ಡಿನ ಮಾತೇ ಇರಲಿಲ್ಲ. ಒಂದೂವರೆ ವರ್ಷ ಹೀಗೇ ನಡೀತು. ಆಮೇಲೆ ಅವರಪ್ಪನಿಗೆ ವರ್ಗ ಆಯಿತು.

ಯಾರೂ ನೋಡಿಲ್ಲ ಅಂದುಕೊಂಡಿದ್ದೆ. ನನ್ನ ಮಗನಿಗೆ ಸೈಕಲ್ ತಂದ ದಿನ ಅಮ್ಮ ಜಗುಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಾ, ತಲೆ ಎತ್ತದೆ ಹೇಳಿದರು: ‘ಚೈನ್ ಕವರ್ ಗಟ್ಟಿ ಮಾಡಿಸು. ಟಕ್ ಟಕ್ ಅಂದ್ರೆ ಬೀದಿಗೆಲ್ಲ ಕೇಳಿಸುತ್ತೆ.’